ಕಡಲು ಮುಟ್ಟಿದರೆ ಹತ್ತುವ ದೀಪ: ಸಮುದ್ರಜಲ ಬ್ಯಾಟರಿಗಳ ಕುರಿತು

ಹಡಗಿನಲ್ಲಾಗಲಿ ವಿಮಾನದಲ್ಲಾಗಲಿ ಇಡುವ ಜೀವರಕ್ಷಕ ಜಾಕೆಟ್ಟನ್ನು ಹತ್ತಿರದಿಂದ ನೋಡಿದವರು, ಅದರ ಹೆಗಲ ಬಳಿ ಒಂದು ಪುಟ್ಟ ದೀಪವನ್ನೂ ಅದಕ್ಕೆ ತಂತಿಯಿಂದ ಜೋಡಿಸಿದ ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿಯನ್ನೂ ಗಮನಿಸಿರಬಹುದು. ಅನೇಕ ಜಾಕೆಟ್ಟುಗಳಲ್ಲಿ ಆ ಡಬ್ಬಿಯ ಒಳಗೆ ನಮಗೆ ಪರಿಚಿತವಾದ ಬ್ಯಾಟರಿ ಸೆಲ್ ಇರುವುದಿಲ್ಲ. ಎರಡು ಬಗೆಯ ಒಣ ಫಲಕಗಳು ಮತ್ತು ಅವುಗಳ ನಡುವೆ ಸ್ವಲ್ಪ ಖಾಲಿ ಜಾಗ ಇರುತ್ತವೆ, ಅಷ್ಟೆ. ಡಬ್ಬಿಗೆ ಎರಡು ತೂತುಗಳಿರುತ್ತವೆ. ಜಾಕೆಟ್ ತೊಟ್ಟವನು ಕಡಲಿಗೆ ಬಿದ್ದಾಗ ಕೆಳಗಿನ ತೂತಿನಿಂದ ಉಪ್ಪುನೀರು ಒಳಹೊಕ್ಕು, ಮೇಲಿನ ತೂತಿನಿಂದ ಗಾಳಿ ಹೊರಹೋಗಿ, ಕೆಲವು ಕ್ಷಣಗಳಲ್ಲಿ ದೀಪ ಹತ್ತಿಕೊಳ್ಳುತ್ತದೆ. ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಆ ಡಬ್ಬಿಯ ವಿಜ್ಞಾನ, ಅದರ ಚರಿತ್ರೆ, ಮತ್ತು ಅದು ತಲುಪಬೇಕಾದ ಆದರೆ ಇನ್ನೂ ಪೂರ್ತಿಯಾಗಿ ತಲುಪದ ಜನರ ವಿಚಾರ.

ಉಪ್ಪುನೀರಿನಿಂದ ವಿದ್ಯುತ್ ಪಡೆಯುವುದು ಹೊಸ ಸಂಗತಿಯಲ್ಲ. ವಿದ್ಯುತ್ ಕೋಶದ ಕಥೆ ಆರಂಭವಾಗುವುದೇ ಅಲ್ಲಿಂದ. 1800ರಲ್ಲಿ ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟಿನ ತುಂಡುಗಳನ್ನಿಟ್ಟು, ಎಡೆಬಿಡದೆ ಹರಿಯುವ ವಿದ್ಯುತ್ ಪ್ರವಾಹವನ್ನು ಪಡೆದ ವಿವರವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಅದಾದ ಇಪ್ಪತ್ತನಾಲ್ಕು ವರ್ಷಗಳ ಬಳಿಕ, 1824ರಲ್ಲಿ, ಹಂಫ್ರಿ ಡೇವಿ ಅದೇ ತತ್ತ್ವವನ್ನು ಬ್ರಿಟಿಷ್ ನೌಕಾಪಡೆಯ ಹಡಗುಗಳ ಮೇಲೆ ಪ್ರಯೋಗಿಸಿದನು. ಹಡಗಿನ ಅಡಿಗೆ ಹೊದಿಸಿದ ತಾಮ್ರದ ತಗಡು ಉಪ್ಪುನೀರಿನಲ್ಲಿ ಸವೆಯದಿರಲು ಅದಕ್ಕೆ ಸತು ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿದರೆ ಸಾಕು, ತಾಮ್ರದ ಬದಲು ಆ ತುಂಡುಗಳೇ ಕರಗುತ್ತವೆ ಎಂಬುದನ್ನು ಅವನು ತೋರಿಸಿಕೊಟ್ಟನು. ತಾಮ್ರವೇನೋ ಉಳಿಯಿತು. ಆದರೆ ಕರಗುವ ತಾಮ್ರದ ವಿಷಕ್ಕೆ ಹೆದರಿ ದೂರವಿದ್ದ ಕಡಲಜೀವಿಗಳು ಈಗ ಹಡಗಿನ ಅಡಿಗೆ ನಿರಾತಂಕವಾಗಿ ಅಂಟಿಕೊಂಡು ಅದರ ವೇಗವನ್ನೇ ಕುಂದಿಸಿದವು. ಇಂದಿಗೂ ಮಲ್ಪೆಯಲ್ಲಿಯೋ ಮಂಗಳೂರಿನಲ್ಲಿಯೋ ದಡಕ್ಕೆ ಎಳೆದ ಉಕ್ಕಿನ ಬೋಟಿನ ಅಡಿಯಲ್ಲಿ, ಚುಕ್ಕಾಣಿಯ ಬಳಿ, ಸವೆದು ತೆಳುವಾದ ಸತುವಿನ ಗಟ್ಟಿಗಳನ್ನು ನೋಡಬಹುದು. ಬೋಟಿನ ಉಕ್ಕು ಒಂದು ವಿದ್ಯುದಗ್ರ, ಅಂದರೆ ಬ್ಯಾಟರಿಯ ಒಂದು ಫಲಕ, ಸತು ಇನ್ನೊಂದು, ನಡುವೆ ಕಡಲು. ನಮ್ಮ ಮೀನುಗಾರರು ಸಮುದ್ರಜಲ ಬ್ಯಾಟರಿಯ ತತ್ತ್ವವನ್ನು ಬೋಟಿನ ಅಡಿಯಲ್ಲಿ ಕಟ್ಟಿಕೊಂಡೇ ಪ್ರತಿದಿನ ಕಡಲಿಗೆ ಇಳಿಯುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲಿಗೇ ನಿವಾರಿಸಿಕೊಳ್ಳುವುದು ಒಳ್ಳೆಯದು. ‘ಸಮುದ್ರದ ನೀರಿನಿಂದ ಉರಿಯುವ ದೀಪ’ ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿಯೂ ಮೊಬೈಲ್ ಸಂದೇಶಗಳಲ್ಲಿಯೂ ಬರುತ್ತದೆ, ಓದಿದವರು ಕಡಲಿನಲ್ಲಿ ಬರಿದಾಗದ ಶಕ್ತಿಯ ಕಣಜವೊಂದು ಸಿಕ್ಕಿತೆಂದು ಭಾವಿಸುತ್ತಾರೆ. ಗಂಜಿ ಬೇಯುವುದಕ್ಕೆ ನೀರು ಬೇಕೇ ಬೇಕು, ಆದರೆ ಗಂಜಿ ಉಂಡವನಿಗೆ ಬರುವ ಕಸುವು ನೀರಿನದಲ್ಲ, ಅಕ್ಕಿಯದು. ಈ ಬ್ಯಾಟರಿಗಳಲ್ಲಿ ಇಂಧನವಾಗಿರುವುದು ಲೋಹ, ಬಹುಮಟ್ಟಿಗೆ ಮೆಗ್ನೀಸಿಯಂ. ಉಪ್ಪುನೀರು ಎರಡು ಫಲಕಗಳ ನಡುವೆ ಅಯಾನುಗಳು ಚಲಿಸಲು ದಾರಿ ಮಾಡಿಕೊಡುವ ಎಲೆಕ್ಟ್ರೋಲೈಟ್ ಮಾತ್ರ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುವುದರಿಂದ ಅದು ವಿದ್ಯುತ್ತನ್ನು ಹೊಳೆಯ ನೀರಿಗಿಂತ ನೂರಾರು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಲೋಹ ಕರಗಿ ಮುಗಿದ ಮೇಲೆ ಎಷ್ಟು ನೀರು ಸುರಿದರೂ ದೀಪ ಉರಿಯುವುದಿಲ್ಲ.

ಆ ಮೆಗ್ನೀಸಿಯಂ ಎಲ್ಲಿಂದ ಬಂತು ಎಂದು ಕೇಳಿದರೆ ಕಥೆ ಮತ್ತೆ ಕಡಲಿಗೇ ಹೋಗುತ್ತದೆ. ಒಂದು ಕಿಲೋ ಸಮುದ್ರಜಲದಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಇದೆ, ಮತ್ತು 1941ರಲ್ಲಿ ಅಮೆರಿಕದ ಡೌ ಕಂಪನಿ ಟೆಕ್ಸಾಸಿನ ಫ್ರೀಪೋರ್ಟಿನಲ್ಲಿ ಕಡಲಿನ ನೀರಿನಿಂದಲೇ ಈ ಲೋಹವನ್ನು ತೆಗೆಯತೊಡಗಿತು. ಹಾಗೆ ತೆಗೆಯಲು ಅಪಾರ ವಿದ್ಯುತ್ ಬೇಕು. ಆ ವಿದ್ಯುತ್ತಿನ ಒಂದು ಪಾಲು ಲೋಹದಲ್ಲಿ ರಾಸಾಯನಿಕ ಶಕ್ತಿಯಾಗಿ ಕುಳಿತಿರುತ್ತದೆ, ಲೋಹ ಪುನಃ ಕಡಲಿಗೆ ಸೇರುವಾಗ ಬೆಳಕಾಗಿ ಹೊರಬರುತ್ತದೆ. ಬ್ಯಾಟರಿ ಇಲ್ಲಿ ಕಾರ್ಖಾನೆಯ ಶಕ್ತಿಯನ್ನು ಕೂಡಿಟ್ಟು ಬೇಕಾದ ಹೊತ್ತಿಗೆ ಕೊಡುವ ಸಾಧನ. ಇದನ್ನು ಒಪ್ಪಿಕೊಂಡರೆ ಅದರ ನಿಜವಾದ ಗುಣ ಎದ್ದು ಕಾಣುತ್ತದೆ: ಅದು ಒಣಗಿರುವಷ್ಟು ಕಾಲ ಏನೂ ನಡೆಯುವುದಿಲ್ಲ. ಸಾಧಾರಣ ಬ್ಯಾಟರಿಯಲ್ಲಿ ಎಲೆಕ್ಟ್ರೋಲೈಟ್ ಸದಾ ಫಲಕಗಳನ್ನು ತಾಕಿಕೊಂಡೇ ಇರುವುದರಿಂದ ಬಳಸದೆ ಇಟ್ಟರೂ ಒಳಗೊಳಗೇ ಅದು ಕ್ಷೀಣಿಸುತ್ತದೆ. ಸಮುದ್ರಜಲ ಬ್ಯಾಟರಿಯಲ್ಲಿ ಆ ಎಲೆಕ್ಟ್ರೋಲೈಟನ್ನೇ ತೆಗೆದಿಟ್ಟು, ಅದನ್ನು ಒದಗಿಸುವ ಹೊಣೆಯನ್ನು ಅಪಘಾತಕ್ಕೇ ಬಿಟ್ಟಿರುತ್ತಾರೆ. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇದ್ದು ಒಂದೇ ಒಂದು ರಾತ್ರಿ ತಪ್ಪದೆ ಕೆಲಸ ಮಾಡಬೇಕಾದ ಉಪಕರಣಕ್ಕೆ ಇದಕ್ಕಿಂತ ಹೊಂದುವ ವ್ಯವಸ್ಥೆ ನನಗೆ ತಿಳಿದಂತೆ ಇನ್ನೊಂದಿಲ್ಲ.

ಈ ವ್ಯವಸ್ಥೆ ರೂಪುಗೊಂಡದ್ದು ಜೀವ ಉಳಿಸುವುದಕ್ಕಾಗಿ ಅಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ನೀರೊಳಗೆ ಸಾಗಿ ಹಡಗನ್ನು ಹೊಡೆಯುವ ವಿದ್ಯುತ್ ಟಾರ್ಪೆಡೋಗಳಿಗೆ ಹಗುರವಾದ, ಆದರೆ ಕೆಲವೇ ನಿಮಿಷಗಳಲ್ಲಿ ಭಾರಿ ಶಕ್ತಿಯನ್ನು ಹೊರಹಾಕಬಲ್ಲ ಬ್ಯಾಟರಿ ಬೇಕಾಗಿತ್ತು. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯ ಅದಕ್ಕಾಗಿ ಮೆಗ್ನೀಸಿಯಂ ಮತ್ತು ಸಿಲ್ವರ್ ಕ್ಲೋರೈಡಿನ ಜೋಡಿಯನ್ನು ಅಭಿವೃದ್ಧಿಪಡಿಸಿತು. ಮೆಗ್ನೀಸಿಯಂ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತದೆ. ಹೊರಗಿನ ತಂತಿಯ ಮೂಲಕ ಬಂದ ಎಲೆಕ್ಟ್ರಾನುಗಳನ್ನು ಪಡೆದು ಸಿಲ್ವರ್ ಕ್ಲೋರೈಡ್ ಶುದ್ಧ ಬೆಳ್ಳಿಯಾಗುತ್ತದೆ. ಲೆಕ್ಕದ ಪ್ರಕಾರ ಈ ಜೋಡಿಯಿಂದ ಸುಮಾರು 2.6 ವೋಲ್ಟ್ ಬರಬೇಕು, ಆದರೆ ಮೆಗ್ನೀಸಿಯಂ ಮೇಲ್ಮೈ ಮೇಲೆ ಬೆಳೆಯುವ ಹೈಡ್ರಾಕ್ಸೈಡ್ ಪೊರೆಯಿಂದಾಗಿ ಕೈಗೆ ಸಿಗುವುದು ಒಂದೂವರೆ ವೋಲ್ಟಿನ ಆಸುಪಾಸು. ಯುದ್ಧಾನಂತರದ ಅಮೆರಿಕದ ಮಾರ್ಕ್ 44 ಟಾರ್ಪೆಡೋ ಸುಮಾರು 30 ಅಶ್ವಶಕ್ತಿಯ ಮೋಟಾರನ್ನು ನಡೆಸಿದ್ದು ಇಂಥ ಬ್ಯಾಟರಿಯಿಂದಲೇ. ಬ್ರಿಟನ್ನಿನ ಸ್ಟಿಂಗ್ ರೇ ಅದೇ ದಾರಿ ಹಿಡಿಯಿತು. ವಿಶಾಖಪಟ್ಟಣದ ನೌಕಾ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರಯೋಗಾಲಯ ರೂಪಿಸಿ, 2012ರಲ್ಲಿ ಭಾರತೀಯ ನೌಕಾಪಡೆಗೆ ಹಸ್ತಾಂತರವಾದ ‘ಶ್ಯೇನ’ ಹಗುರ ಟಾರ್ಪೆಡೋವಿನಲ್ಲಿ ಇರುವುದೂ ಸಮುದ್ರಜಲದಿಂದ ಚಾಲನೆಗೊಳ್ಳುವ ಬ್ಯಾಟರಿಯೇ.

ಟಾರ್ಪೆಡೋವಿನ ಮಟ್ಟದಲ್ಲಿ ಈ ರಸಾಯನಶಾಸ್ತ್ರದ ತೊಂದರೆಗಳೆಲ್ಲ ದೊಡ್ಡದಾಗಿ ಕಾಣಿಸಿಕೊಳ್ಳುವುದರಿಂದ ಅವುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲನೆಯದಾಗಿ, ಮೆಗ್ನೀಸಿಯಂ ತನ್ನ ಎಲ್ಲ ಎಲೆಕ್ಟ್ರಾನುಗಳನ್ನೂ ತಂತಿಗೆ ಕೊಡುವುದಿಲ್ಲ. ಒಂದು ಪಾಲು ನೀರಿನೊಡನೆ ನೇರವಾಗಿ ವರ್ತಿಸಿ ಹೈಡ್ರೋಜನ್ ಅನಿಲವನ್ನೂ ಶಾಖವನ್ನೂ ಉಂಟುಮಾಡುತ್ತದೆ. ಬ್ಯಾಟರಿಯ ಡಬ್ಬಿಗೆ ಮೇಲೊಂದು ತೂತು ಇರಲೇಬೇಕಾದದ್ದು ಈ ಅನಿಲ ಹೊರಹೋಗುವುದಕ್ಕಾಗಿಯೂ ಹೌದು. ನೀರು ತುಂಬಿದ ಇಂಥ ಬ್ಯಾಟರಿಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಚ್ಚಿಡುವುದು ಅಪಾಯಕರ. ಎರಡನೆಯದಾಗಿ, ಉಳಿಯುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬಿಳಿಯ ಕೆಸರಾಗಿ ಫಲಕಗಳ ನಡುವೆ ಕಟ್ಟಿಕೊಳ್ಳುತ್ತದೆ. ಹೊಟ್ಟೆಯ ಹುಳಿಗೆ ಔಷಧವಾಗಿ ಕುಡಿಯುವ ಮಿಲ್ಕ್ ಆಫ್ ಮೆಗ್ನೀಷಿಯಾದಲ್ಲಿ ಇರುವುದೂ ಇದೇ ವಸ್ತು, ಹಾಗಾಗಿ ಅದು ಕಡಲಿಗೆ ಅಷ್ಟೇನೂ ಹಾನಿಕರವಲ್ಲ. ಆದರೆ ನೀರಿನ ಹರಿವು ನಿಂತರೆ ಬ್ಯಾಟರಿ ಉಸಿರುಗಟ್ಟುತ್ತದೆ. ಮೂರನೆಯದು ಎಂಜಿನಿಯರುಗಳನ್ನು ಹೆಚ್ಚು ಕಾಡಿದ್ದು: ಅನೇಕ ಕೋಶಗಳನ್ನು ಸರಣಿಯಾಗಿ ಜೋಡಿಸಿದಾಗ ಎಲ್ಲವೂ ಒಂದೇ ನೀರಿನಲ್ಲಿ ಮುಳುಗಿರುವುದರಿಂದ ವಿದ್ಯುತ್ ಮೋಟಾರಿಗೆ ಹೋಗುವ ಬದಲು ನೀರಿನ ಮೂಲಕವೇ ಒಂದು ಕೋಶದಿಂದ ಇನ್ನೊಂದಕ್ಕೆ ಸೋರುತ್ತದೆ. ಪ್ರತಿ ಕೋಶಕ್ಕೂ ನೀರು ಬಂದುಹೋಗುವ ದಾರಿಯನ್ನು ಉದ್ದವಾಗಿಯೂ ಕಿರಿದಾಗಿಯೂ ಮಾಡಿ, ಆ ದಾರಿಯ ಪ್ರತಿರೋಧವನ್ನು ಹೆಚ್ಚಿಸಿ, ಈ ಸೋರಿಕೆಯನ್ನು ತಗ್ಗಿಸುತ್ತಾರೆ.

ಶಾಖ ಉಂಟಾಗುವುದು ಎಲ್ಲ ಕಡೆಯೂ ದೋಷವಲ್ಲ. ಹವಾಮಾನ ಇಲಾಖೆಗಳು ಬಲೂನಿಗೆ ಕಟ್ಟಿ ಹಾರಿಸುವ ರೇಡಿಯೋಸಾಂಡ್ ಉಪಕರಣಕ್ಕೆ ದಶಕಗಳ ಕಾಲ ಬಳಕೆಯಾದದ್ದು, ಬೆಳ್ಳಿಯ ಬದಲು ಅಗ್ಗದ ಕ್ಯುಪ್ರಸ್ ಕ್ಲೋರೈಡ್ ಬಳಸಿದ ಮೆಗ್ನೀಸಿಯಂ ಬ್ಯಾಟರಿ. ಹಾರಿಸುವ ಮುನ್ನ ಅದನ್ನು ಕೆಲವು ನಿಮಿಷ ನೀರಿನಲ್ಲಿ ನೆನೆಸುತ್ತಿದ್ದರು. ಮೇಲೇರಿದಂತೆ ಹೊರಗಿನ ಉಷ್ಣತೆ ಸೊನ್ನೆಗಿಂತ ಐವತ್ತು ಅರವತ್ತು ಡಿಗ್ರಿ ಕೆಳಗಿಳಿದರೂ, ಬ್ಯಾಟರಿ ತನ್ನೊಳಗೆ ಹುಟ್ಟಿದ ಬಿಸಿಯಿಂದಲೇ ಹೆಪ್ಪುಗಟ್ಟದೆ ಉಳಿಯುತ್ತಿತ್ತು. ಜಲಾಂತರ್ಗಾಮಿಗಳ ಸದ್ದನ್ನು ಆಲಿಸಲು ವಿಮಾನದಿಂದ ಕಡಲಿಗೆ ಎಸೆಯುವ ಸೋನೋಬಾಯ್‌ಗಳಲ್ಲಿಯೂ ಈ ಕುಟುಂಬದ ಬ್ಯಾಟರಿಗಳೇ ಬಹುಕಾಲ ಕೆಲಸ ಮಾಡಿವೆ.

ಈಗ ಜೀವರಕ್ಷಕ ದೀಪಕ್ಕೆ ಮರಳೋಣ. ‘ಸೋಲಾಸ್’ ಎಂದು ಕರೆಯಲಾಗುವ ಸಮುದ್ರಯಾನ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಮೊದಲು ರೂಪುಗೊಂಡದ್ದು ಟೈಟಾನಿಕ್ ದುರಂತದ ಬಳಿಕ, 1914ರಲ್ಲಿ. ಇಂದು ಜಾರಿಯಲ್ಲಿರುವುದು ಅದರ 1974ರ ರೂಪ. ಅದರಡಿಯ ಜೀವರಕ್ಷಕ ಉಪಕರಣಗಳ ಸಂಹಿತೆಯ ಪ್ರಕಾರ ಜಾಕೆಟ್ಟಿನ ದೀಪ ಬಿಳಿಯ ಬಣ್ಣದ್ದಾಗಿರಬೇಕು, ಮೇಲಿನ ಅರ್ಧಗೋಳದ ಎಲ್ಲ ದಿಕ್ಕುಗಳಿಗೂ ಕನಿಷ್ಠ 0.75 ಕ್ಯಾಂಡೆಲಾ ತೀವ್ರತೆಯ ಬೆಳಕು ಬೀರಬೇಕು (ಒಂದು ಕ್ಯಾಂಡೆಲಾ ಎಂದರೆ ಸುಮಾರು ಒಂದು ಮೇಣದಬತ್ತಿಯ ಬೆಳಕಿನ ತೀವ್ರತೆ), ಕನಿಷ್ಠ 8 ಗಂಟೆ ಉರಿಯಬೇಕು. ಹಡಗಿನಿಂದ ಎಸೆಯುವ ತೇಲುಬಳೆಯ ದೀಪಕ್ಕೆ 2 ಕ್ಯಾಂಡೆಲಾ ಮತ್ತು 2 ಗಂಟೆ ಸಾಕು. ಈ ವ್ಯತ್ಯಾಸದ ಹಿಂದಿನ ವಿವೇಕವನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ತೇಲುಬಳೆಯನ್ನು ಎಸೆಯುವಾಗ ಹಡಗು ಹತ್ತಿರದಲ್ಲೇ ಇರುತ್ತದೆ, ಬಿದ್ದವನಿಗೂ ಹುಡುಕುವವರಿಗೂ ಅದು ಕೂಡಲೇ ಕಾಣಬೇಕು. ಜಾಕೆಟ್ ತೊಟ್ಟು ತೇಲುತ್ತಿರುವವನು ಮಾತ್ರ ರಾತ್ರಿಯಿಡೀ ಕಾಯಬೇಕಾಗಬಹುದು.

ಇಷ್ಟು ಬೆಳಕಿಗೆ ಎಷ್ಟು ಲೋಹ ಬೇಕು ಎಂದು ಲೆಕ್ಕ ಹಾಕಿ ನೋಡುವುದು ಕಷ್ಟವಲ್ಲ. ಅರ್ಧಗೋಳಕ್ಕೆಲ್ಲ 0.75 ಕ್ಯಾಂಡೆಲಾ ಎಂದರೆ, ಎಲ್ಲ ದಿಕ್ಕಿಗೂ ಹರಿಯುವ ಬೆಳಕಿನ ಮೊತ್ತವನ್ನು ಅಳೆಯುವ ಲ್ಯೂಮೆನ್ ಮಾನದಲ್ಲಿ, ಒಟ್ಟು 4.7 ಲ್ಯೂಮೆನ್ ಬೆಳಕು. ಒಂದು ಎಲ್‌ಇಡಿ ಪ್ರತಿ ವ್ಯಾಟಿಗೆ 50 ಲ್ಯೂಮೆನ್ ಕೊಡುತ್ತದೆಂದು ಕಡಿಮೆಯಾಗಿಯೇ ಎಣಿಸಿದರೂ ಬೇಕಾಗುವುದು ವ್ಯಾಟಿನ ಹತ್ತನೆಯ ಒಂದು ಭಾಗ. ಎಂಟು ಗಂಟೆಗೆ ಸುಮಾರು 0.75 ವ್ಯಾಟ್-ಗಂಟೆ, ಒಂದೂವರೆ ವೋಲ್ಟಿನಲ್ಲಿ ಅದು ಅರ್ಧ ಆಂಪಿಯರ್-ಗಂಟೆ, ಅಂದರೆ ಅರ್ಧ ಆಂಪಿಯರ್ ಪ್ರವಾಹ ಒಂದು ಗಂಟೆ ಹರಿದಷ್ಟು ವಿದ್ಯುತ್ತು. ಒಂದು ಗ್ರಾಂ ಮೆಗ್ನೀಸಿಯಂ ಪೂರ್ತಿಯಾಗಿ ಕರಗಿದರೆ 2.2 ಆಂಪಿಯರ್-ಗಂಟೆ ಕೊಡುತ್ತದೆ. ಅಂದರೆ ಒಬ್ಬ ಮನುಷ್ಯನನ್ನು ಇಡೀ ರಾತ್ರಿ ಕಣ್ಣಿಗೆ ಕಾಣುವಂತೆ ಇಡಲು, ತತ್ತ್ವದ ಮಟ್ಟಿಗೆ, ಕಾಲು ಗ್ರಾಂ ಲೋಹ ಸಾಕು. ಹೈಡ್ರೋಜನ್ ಆಗಿ ಸೋರಿಹೋಗುವ ಪಾಲು, ಎಲ್‌ಇಡಿಗೆ ಬೇಕಾದ ವೋಲ್ಟೇಜಿಗೆ ಏರಿಸುವಾಗ ಆಗುವ ನಷ್ಟ, ಸುರಕ್ಷತೆಯ ಅಂಚು ಇವೆಲ್ಲವನ್ನೂ ಸೇರಿಸಿ ಹತ್ತು ಪಟ್ಟು ಹಾಕಿದರೂ ಎರಡೂವರೆ ಗ್ರಾಂ. ತಂತು ಬಲ್ಬುಗಳ ಕಾಲದಲ್ಲಿ ಇದಕ್ಕೆ ಐದಾರು ಪಟ್ಟು ಹೆಚ್ಚು ಬೇಕಾಗುತ್ತಿತ್ತು. ಎಲ್‌ಇಡಿ ಬಂದದ್ದು ಮನೆಯ ದೀಪಗಳಿಗಿಂತಲೂ ಈ ದೀಪಕ್ಕೆ ದೊಡ್ಡ ವರವಾಯಿತೆಂದು ನನಗೆ ಅನಿಸುತ್ತದೆ.

ಇಲ್ಲಿಯವರೆಗೆ ಹೇಳಿದ ಬ್ಯಾಟರಿಗಳಲ್ಲಿ ಲೋಹದ ಎಲೆಕ್ಟ್ರಾನುಗಳನ್ನು ಸ್ವೀಕರಿಸುವ ವಸ್ತು ಡಬ್ಬಿಯೊಳಗೇ ಇರುತ್ತದೆ. ಆ ಕೆಲಸವನ್ನೂ ಕಡಲಿಗೇ ಒಪ್ಪಿಸಬಹುದು, ಏಕೆಂದರೆ ಸಮುದ್ರದ ನೀರಿನಲ್ಲಿ ಆಮ್ಲಜನಕ ಕರಗಿರುತ್ತದೆ. ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆ ಈ ದಾರಿಯಲ್ಲಿ ಬಹಳ ದೂರ ನಡೆಯಿತು. ಮೆಗ್ನೀಸಿಯಂ ದಂಡವೊಂದರ ಸುತ್ತ ಕುಂಚದಂತಹ ಇಂಗಾಲದ ನಾರುಗಳನ್ನು ಜೋಡಿಸಿ, ತೆರೆದ ಕಡಲಿನಲ್ಲಿ ಇಳಿಬಿಟ್ಟು, ತಿಂಗಳುಗಟ್ಟಲೆ ಅಲ್ಲ, ವರ್ಷಗಟ್ಟಲೆ ಸಣ್ಣ ಪ್ರಮಾಣದ ವಿದ್ಯುತ್ ಪಡೆಯುವ ಬ್ಯಾಟರಿಗಳನ್ನು ಅಲ್ಲಿನವರು ರೂಪಿಸಿದರು. ಇಟಲಿಯ ದಕ್ಷಿಣದ ಅಯೋನಿಯನ್ ಸಮುದ್ರದಲ್ಲಿ, 180 ಮೀಟರ್ ಆಳದ ಅನಿಲ ಬಾವಿಯೊಂದರ ನಿಯಂತ್ರಣ ವ್ಯವಸ್ಥೆಗೆ 1990ರ ದಶಕದಲ್ಲಿ ಇಂಥ ಬ್ಯಾಟರಿಗಳನ್ನು ಅಳವಡಿಸಲಾಯಿತು. ಆದರೆ ಒಂದು ಲೀಟರ್ ಮೇಲ್ಪದರದ ಕಡಲಿನ ನೀರಿನಲ್ಲಿರುವ ಆಮ್ಲಜನಕ ಆರು ಏಳು ಮಿಲಿಗ್ರಾಂ ಮಾತ್ರ. ಅದೆಲ್ಲವನ್ನೂ ಬಳಸಿದರೂ ಆಂಪಿಯರ್-ಗಂಟೆಯ ಐವತ್ತನೆಯ ಒಂದು ಭಾಗವಷ್ಟೇ ಸಿಗುತ್ತದೆ. ಆದ್ದರಿಂದ ನೀರು ಸದಾ ಹರಿಯುತ್ತಿರಬೇಕು, ಬ್ಯಾಟರಿ ದೊಡ್ಡದಾಗಿರಬೇಕು, ಅಪೇಕ್ಷೆ ಚಿಕ್ಕದಾಗಿರಬೇಕು.

ಈ ಬಗೆಯ ಬ್ಯಾಟರಿಯನ್ನು ನಮ್ಮ ಪಶ್ಚಿಮದ ಕಡಲಿಗೆ ಇಳಿಸಲು ಯೋಚಿಸುವವರು ಅರಬ್ಬೀ ಸಮುದ್ರದ ಸ್ವಭಾವವನ್ನು ಮೊದಲು ತಿಳಿಯಬೇಕು. ಅಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರ್ ಆಳದವರೆಗೆ, ವಿಶಾಲವಾದ ಪ್ರದೇಶದಲ್ಲಿ, ಆಮ್ಲಜನಕ ಬಹುತೇಕ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಶಕಗಳಿಂದ ಇದನ್ನು ಅಳೆಯುತ್ತಾ ಬಂದಿದ್ದಾರೆ. ಅಷ್ಟೇ ಅಲ್ಲ, ನೈಋತ್ಯ ಮುಂಗಾರಿನ ಕಾಲದಲ್ಲಿ ಆಳದ ಈ ಬಡ ನೀರು ಮೇಲಕ್ಕೆ ಉಕ್ಕಿ ಕರಾವಳಿಯ ಸಮೀಪದ ತಗ್ಗು ಕಡಲಿಗೂ ಬರುತ್ತದೆ. ನಾರ್ವೆಯ ತಂಪು ಕಡಲಿನಲ್ಲಿ ವರ್ಷಗಟ್ಟಲೆ ನಡೆಯುವ ಬ್ಯಾಟರಿ ಇಲ್ಲಿ ಅದೇ ಆಳದಲ್ಲಿ ಸೊರಗಿಹೋಗಬಹುದು. ಆಮದು ಮಾಡಿದ ಉಪಕರಣದ ವಿವರಪತ್ರ ನಂಬಿ ಕೊಳ್ಳುವವರಿಗೆ ಇದು ಕಾಣುವುದಿಲ್ಲ, ಕಡಲನ್ನು ಬಲ್ಲವರು ಹೇಳಬೇಕಾಗುತ್ತದೆ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ನೀರು ತಾಗಿದೊಡನೆ ಕೆಲಸ ಮಾಡುವ ಉಪಕರಣಗಳೆಲ್ಲವೂ ಸಮುದ್ರಜಲ ಬ್ಯಾಟರಿಯವಲ್ಲ. ಮುಳುಗುವ ಹಡಗಿನಿಂದ ಕಳಚಿಕೊಂಡು ತೇಲಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕಟದ ಸಂಕೇತ ಕಳುಹಿಸುವ ಇಪಿಐಆರ್‌ಬಿ 48 ಗಂಟೆ ನಡೆಯಬೇಕು. ವಿಮಾನದ ಬ್ಲ್ಯಾಕ್ ಬಾಕ್ಸಿಗೆ ಅಂಟಿಕೊಂಡು 37.5 ಕಿಲೋಹರ್ಟ್ಸ್‌ನಲ್ಲಿ ಸದ್ದು ಮಾಡುವ ಪಿಂಗರ್ ಮೊದಲು 30 ದಿನ ನಡೆಯುವಂತಿತ್ತು. 2009ರಲ್ಲಿ ಏರ್ ಫ್ರಾನ್ಸ್ ವಿಮಾನ ಅಟ್ಲಾಂಟಿಕ್‌ನಲ್ಲಿ ಬಿದ್ದು ಅದರ ಪೆಟ್ಟಿಗೆಗಳಿಗಾಗಿ ಸುಮಾರು ಎರಡು ವರ್ಷ ಹುಡುಕಬೇಕಾದ ಮೇಲೆ ಅದನ್ನು 90 ದಿನಕ್ಕೆ ಏರಿಸಲಾಯಿತು. ಇವೆರಡರಲ್ಲಿಯೂ ನೀರು ಸ್ವಿಚ್ಚು ಮಾತ್ರ, ಶಕ್ತಿ ಬರುವುದು ಸಾಮಾನ್ಯವಾಗಿ ಲಿಥಿಯಂ ಬ್ಯಾಟರಿಯಿಂದ. ಇಪಿಐಆರ್‌ಬಿಯ ಸಂಕೇತ ಉಪಗ್ರಹದ ಮೂಲಕ ಭಾರತದಲ್ಲಿ ಬಂದು ತಲುಪುವುದು ಬೆಂಗಳೂರಿನಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರಕ್ಕೆ. ಆದರೆ ಸಂಕೇತ ಹೇಳುವುದು ಯಾವ ಪ್ರದೇಶದಲ್ಲಿ ಹುಡುಕಬೇಕೆಂಬುದನ್ನು. ಅಲ್ಲಿಗೆ ಬಂದ ಕರಾವಳಿ ರಕ್ಷಣಾ ಪಡೆಯ ನಾವಿಕನಿಗೆ, ಅಲೆಗಳ ನಡುವೆ ಚದುರಿಹೋದ ಐದಾರು ತಲೆಗಳನ್ನು ಕತ್ತಲಲ್ಲಿ ತೋರಿಸುವುದು ಆ ಎರಡೂವರೆ ಗ್ರಾಂ ಮೆಗ್ನೀಸಿಯಂ ದೀಪವೇ.

ನಮ್ಮ ದೇಶದಲ್ಲಿ ಈ ತತ್ತ್ವ ಸಾರ್ವಜನಿಕರ ಗಮನಕ್ಕೆ ಬಂದದ್ದು 2022ರ ಆಗಸ್ಟ್‌ನಲ್ಲಿ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ‘ಸಾಗರ್ ಅನ್ವೇಷಿಕಾ’ ನೌಕೆಯ ಮೇಲೆ, ಕೇಂದ್ರ ಸಚಿವ ಜಿತೇಂದ್ರ ಸಿಂಗ್ ಅವರು ‘ರೋಶನಿ’ ಎಂಬ ಲಾಂದ್ರವನ್ನು ಬಿಡುಗಡೆ ಮಾಡಿದರು. ವಿಶೇಷವಾಗಿ ರೂಪಿಸಿದ ವಿದ್ಯುದಗ್ರಗಳ ನಡುವೆ ಸಮುದ್ರದ ನೀರು ತುಂಬಿದರೆ ಎಲ್‌ಇಡಿಗಳು ಉರಿಯುತ್ತವೆ. ಕಡಲಿಲ್ಲದ ಊರುಗಳಲ್ಲಿ ಸಾಮಾನ್ಯ ನೀರಿಗೆ ಉಪ್ಪು ಬೆರೆಸಿದರೂ ಆಗುತ್ತದೆ. ಚಂಡಮಾರುತದಿಂದ ವಿದ್ಯುತ್ ಕಡಿದುಹೋದ ಕರಾವಳಿಯ ಹಳ್ಳಿಗೆ, ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಟ್ಟರೂ ಶಕ್ತಿ ಕುಂದದ ದೀಪವಾಗಿ ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಪ್ರತಿದಿನದ ಬೆಳಕಿಗೆ ಮಾತ್ರ ಇದು ಸರಿಯಾದ ದಾರಿಯಲ್ಲ, ಲೋಹದ ಫಲಕಗಳನ್ನು ಮತ್ತೆ ಮತ್ತೆ ಕೊಳ್ಳಬೇಕಾಗುತ್ತದೆ, ಅದಕ್ಕೆ ಸೌರಫಲಕವೇ ಅಗ್ಗ. ಕಡಲಿನ ನೀರನ್ನೇ ನಿಜವಾದ ಅರ್ಥದಲ್ಲಿ ಬ್ಯಾಟರಿಯ ವಸ್ತುವನ್ನಾಗಿ ಮಾಡುವ ಪ್ರಯತ್ನ ದಕ್ಷಿಣ ಕೊರಿಯಾದ ಉಲ್ಸಾನ್ ನಗರದ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಅಲ್ಲಿ ನೀರಿನಲ್ಲಿರುವ ಸೋಡಿಯಂ ಅಯಾನುಗಳನ್ನು ಸಿರಾಮಿಕ್ ಪೊರೆಯ ಮೂಲಕ ಒಳಗೆಳೆದು ಲೋಹವಾಗಿ ಕೂಡಿಟ್ಟು, ಬೇಕಾದಾಗ ಹಿಂದಕ್ಕೆ ಬಿಡುತ್ತಾರೆ. ಅದು ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ, ಬೇರೆಯೇ ಬಗೆಯ ಬ್ಯಾಟರಿ.

ಕರ್ನಾಟಕದ ಕರಾವಳಿಯ ಮಟ್ಟಿಗೆ ನನ್ನ ಚಿಂತೆ ಎರಡು. ಸೋಲಾಸ್‌ನ ಬಹುಪಾಲು ನಿಯಮಗಳು ಮೀನುಗಾರಿಕೆಯ ಬೋಟುಗಳಿಗೆ ಅನ್ವಯಿಸುವುದಿಲ್ಲ. ಆಳಸಮುದ್ರಕ್ಕೆ ಹೋಗಿ ಹಲವು ದಿನ ಉಳಿಯುವ ಟ್ರಾಲ್ ಬೋಟಿನ ಕೆಲಸಗಾರನಿಗೆ, ಅದೇ ಕಡಲಿನಲ್ಲಿ ಸಾಗುವ ಸರಕು ಹಡಗಿನ ನಾವಿಕನಿಗೆ ಇರುವ ಈ ದೀಪದ ಹಕ್ಕು ಅಂತರರಾಷ್ಟ್ರೀಯ ಕಾನೂನಿನಿಂದ ತಾನಾಗಿ ದೊರೆಯುವುದಿಲ್ಲ. ಜಾಕೆಟ್ ಕೊಡುವ ಯೋಜನೆಗಳಲ್ಲಿ ದೀಪವೂ ಸೇರಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ ಎಂದು ನಾನು ನಂಬುತ್ತೇನೆ.

ಎರಡನೆಯದು ಅಳಿವೆಗಳ ವಿಚಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವಾಗ ನಾಡದೋಣಿಯವರು ಕಡಲಿಗೆ ಇಳಿಯುತ್ತಾರೆ, ಅವರ ದೋಣಿಗಳಿಗೆ ಅಳಿವೆ ಬಾಗಿಲು ದಾಟುವ ಹೊತ್ತೇ ಅತ್ಯಂತ ಅಪಾಯದ್ದು. ಮಳೆಗಾಲದಲ್ಲಿ ನೇತ್ರಾವತಿಯೋ ಶರಾವತಿಯೋ ತುಂಬಿ ಹರಿಯುವಾಗ ಅಳಿವೆಯ ಮೇಲ್ಪದರದ ನೀರು ಬಹುತೇಕ ಸಿಹಿಯಾಗಿರುತ್ತದೆ. ತೆರೆದ ಕಡಲಿಗೆಂದೇ ಮಾಡಿದ ಬ್ಯಾಟರಿ ಅಂಥ ನೀರಿನಲ್ಲಿ ನಿಧಾನವಾಗಿ ಎಚ್ಚರಗೊಳ್ಳುತ್ತದೆ, ಬೆಳಕೂ ಮಂದವಾಗಬಹುದು. ಆದ್ದರಿಂದ ನಮ್ಮಲ್ಲಿ ಕೊಳ್ಳುವ ದೀಪಗಳು ಸಿಹಿನೀರಿನಲ್ಲಿಯೂ ಕೆಲಸ ಮಾಡುತ್ತವೆಂದು ಪರೀಕ್ಷೆಗೊಳಗಾಗಿ ಪ್ರಮಾಣಿತವಾಗಿರಬೇಕು.

ಇಟ್ಟುಕೊಳ್ಳುವ ಬಗೆಯಲ್ಲೂ ಎಚ್ಚರ ಬೇಕು. ಕರಾವಳಿಯ ಗಾಳಿಯಲ್ಲೇ ತೇವವೂ ಉಪ್ಪೂ ಇರುವುದರಿಂದ, ಡಬ್ಬಿಯ ತೂತಿನ ಬಿರಡೆಯನ್ನು ಯಾರಾದರೂ ಕುತೂಹಲಕ್ಕೆ ಒಮ್ಮೆ ಕಿತ್ತಿಟ್ಟರೂ ಫಲಕಗಳು ಸದ್ದಿಲ್ಲದೆ ಸವೆಯತೊಡಗುತ್ತವೆ. ಬಿರಡೆ ಎಳೆದ ಮೇಲೆಯೇ ನೀರು ಒಳಹೋಗುವ ಮಾದರಿಗಳೂ ಇವೆ, ಅದನ್ನು ತೊಡುವವನಿಗೆ ದಡದಲ್ಲಿಯೇ ಹೇಳಿಕೊಟ್ಟಿರಬೇಕು. ಇನ್ನು, ಈ ಬ್ಯಾಟರಿಯನ್ನು ಖರ್ಚು ಮಾಡದೆ ಪರೀಕ್ಷಿಸಲು ಸಾಧ್ಯವಿಲ್ಲ, ಒಮ್ಮೆ ನೀರು ಕುಡಿದದ್ದು ಮತ್ತೆ ಒಣಗುವುದಿಲ್ಲ. ಅದಕ್ಕಾಗಿಯೇ ಡಬ್ಬಿಯ ಮೇಲೆ ಅವಧಿ ಮುಗಿಯುವ ತಿಂಗಳು ಮತ್ತು ವರ್ಷವನ್ನು ಮುದ್ರಿಸಿರುತ್ತಾರೆ, ಅದನ್ನು ಬೋಟಿನ ವಿಮೆಯ ದಿನಾಂಕದಷ್ಟೇ ಗಂಭೀರವಾಗಿ ನೋಡಬೇಕು. ಅವಧಿ ಮೀರಿದ ದೀಪಗಳನ್ನು ಸುಮ್ಮನೆ ಎಸೆಯುವ ಬದಲು, ಹೊಸದನ್ನು ಜಾಕೆಟ್ಟಿಗೆ ಕಟ್ಟಿದ ದಿನವೇ ಹಳೆಯದನ್ನು ಬೋಟಿನವರೆಲ್ಲರ ಎದುರು, ಗಾಳಿಯಾಡುವ ಬಯಲಿನಲ್ಲಿ, ಒಂದನ್ನು ಕಡಲಿನ ನೀರಿನ ಬಕೆಟ್ಟಿಗೂ ಇನ್ನೊಂದನ್ನು ಬಾವಿಯ ನೀರಿನ ಬಕೆಟ್ಟಿಗೂ ಹಾಕಿ, ಯಾವುದು ಎಷ್ಟು ಹೊತ್ತಿಗೆ ಹತ್ತಿತು, ಎಷ್ಟು ಗಂಟೆ ಉರಿಯಿತು ಎಂದು ಬರೆದಿಡಬೇಕೆಂಬುದು ನನ್ನ ಕೋರಿಕೆ. ಬಂದರಿನ ಒಂದು ಸಹಕಾರ ಸಂಘ ಕೆಲವು ವರ್ಷ ಇಂಥ ಲೆಕ್ಕವನ್ನು ಇಟ್ಟರೂ ಸಾಕು, ಮುಂದಿನ ಬಾರಿ ಯಾವ ದೀಪವನ್ನು ಕೊಳ್ಳಬೇಕೆಂಬುದನ್ನು ಮಾರಾಟಗಾರನನ್ನು ಕೇಳಬೇಕಾಗಿ ಬರುವುದಿಲ್ಲ.